ಯಲ್ಲೇಶ ಮಾಸ್ತರರ ಕೊಸರು

ಹೆಂಡತಿಯ ತಮ್ಮನಿಗೆ ಬುದ್ಧಿ ಇರಬಾರದು ಎಂದೇನೂ ಯಲ್ಲೇಶ ಮಾಸ್ತರರು ಹೇಳುವುದಿಲ್ಲ. ಇರಲಿ, ಬೇಕಾದಷ್ಟಿರಲಿ. ಆದರೆ ತಮಗೆ ಯಾವ ವಿಷಯದಲ್ಲಿ ಬುದ್ಧಿ ಇದೆಯೋ ಅದೇ ವಿಷಯದಲ್ಲಿ ಅವನಿಗೂ ಇದೆ ಎಂದು ಹೆಂಡತಿ ನಂಬಿಕೊಂಡು ಕೂತರೆ, ಆ ಮನೆಯಲ್ಲಿ ಗಂಡನಾದವನು ಹೇಗೆ ಬಾಳಬೇಕು, ನೀವೇ ಹೇಳಿ.

ಮಾಸ್ತರರು ಗದಗಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ಮನೆ ಬೆಟಗೇರಿಯಲ್ಲಿ. ಆ ಮನೆಯ ಪಡಸಾಲೆಯಲ್ಲೇ ಹೆಂಡತಿ ನಾಗರತ್ನಾ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಬೆಳಗಾದರೆ ಓಣಿಯ ಹೆಣ್ಣುಮಕ್ಕಳು ಬಂದು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯತೊಡಗುತ್ತಾರೆ, ಮಾಸ್ತರರು ಎಚ್ಚರಾಗುವುದೇ ಆ ಸದ್ದಿಗೆ. ಮದುವೆ, ಕುಬಸ, ತೊಟ್ಟಿಲು ಎಂದು ಸುತ್ತಲ ಊರುಗಳಿಂದ ಖಡಕ್ ರೊಟ್ಟಿಗೆ ಆರ್ಡರ್ ಬರುತ್ತವೆ. ಇನ್ನು ಅವಳ ತಮ್ಮ ಹೊನ್ನೇಶ. ಅವನದು ಲಕ್ಷ್ಮೇಶ್ವರದಲ್ಲಿ ಕಂಪ್ಯೂಟರ್ ಸೆಂಟರ್. ಅರ್ಜಿ ತುಂಬುವುದು, ಝೆರಾಕ್ಸ್ ತೆಗೆಯುವುದು, ಪಾಸ್‌ಪೋರ್ಟ್ ಫೋಟೊ ತೆಗೆಯುವುದು. (ಅವನ ಕೈಗೆ ಸಿಕ್ಕ ಫೋಟೊದಲ್ಲಿ ಯಾರ ಮುಖವಾದರೂ ಸುಣ್ಣ ಬಳಿದ ಗೋಡೆಯಾಗಿ ಹೊರಬೀಳುತ್ತದೆ. ಮಾಸ್ತರರ ಫೋಟೊವನ್ನೂ ಅವನೇ ತೆಗೆದದ್ದು.) ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಪ್ರೋಗ್ರಾಂ ಬರೆಯುವುದನ್ನೂ ಕಲಿತಿದ್ದ. ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಸ್ವಭಾವ ಅವನದಲ್ಲ. ಊರೆಲ್ಲ ಹೇಳಿಕೊಂಡು ಬಂದಿದ್ದ.

ಆರ್ಡರ್‌ಗಳು ಹೆಚ್ಚಿ, ಯಾರಿಗೆ ಎಷ್ಟು ರೊಟ್ಟಿ, ಯಾವತ್ತು ಎಂಬುದು ನಾಗರತ್ನಾಳ ತಲೆಯಲ್ಲಿ ನಿಲ್ಲದಂತಾದಾಗ ಅವಳು ಒಂದು ದಿನ, "ಇಬ್ಬರೂ ಕಂಪ್ಯೂಟರ್ ಕಲ್ತೀರಿ. ಇಬ್ಬರೂ ಕೂಡಿ ನನಗೊಂದು ರೊಟ್ಟಿ ಪ್ರೋಗ್ರಾಂ ಮಾಡಿ ಕೊಡ್ರಿ" ಎಂದಳು. 'ಇಬ್ಬರೂ' ಎಂದದ್ದು ಮಾಸ್ತರರಿಗೆ ಚುಚ್ಚಿತು. ಆದರೆ ಬೇಡವೆನ್ನುವಂತಿರಲಿಲ್ಲ. ಆ ವಾರ ಅವಳು ದಿನಾ ಎಣ್ಣೆಗಾಯಿ ಮಾಡುತ್ತಿದ್ದಳು.

ಕೆಲಸ ಶುರುವಾಯಿತು. ಮಾಸ್ತರರು ಒಂದಷ್ಟು ಬರೆದು ಪೆನ್ ಡ್ರೈವಿಗೆ ಹಾಕುವುದು. ನಾಗರತ್ನಾ ಅದನ್ನು ತಮ್ಮನಿಗೆ ಕಟ್ಟಿದ ರೊಟ್ಟಿ ಗಂಟಿನೊಳಗೆ ಇಟ್ಟು ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಡುವುದು. ಹೊನ್ನೇಶ ಬಸ್ ಸ್ಟ್ಯಾಂಡಿನಲ್ಲಿ ಇಸಿದುಕೊಂಡು, ಮೊದಲು ರೊಟ್ಟಿ ತಿಂದು, ಆಮೇಲೆ ಪ್ರೋಗ್ರಾಂ ತಿದ್ದಿ, ಮರುದಿನದ ಬಸ್ಸಿಗೆ ವಾಪಸು ಹಾಕುವುದು. ಈಮೇಲ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಸ್ತರರೂ ಕೇಳಿದ್ದರು.

"ಈಮೇಲಿನಾಗ ರೊಟ್ಟಿ ಹೋಗತಾವೇನ್ರಿ?" ಎಂದಿದ್ದಳು ನಾಗರತ್ನಾ. "ಹೆಂಗೂ ಗಂಟು ಹೋಗೂದೈತಿ. ಅದರಾಗ ನಿಮ್ಮದೊಂದು ಬೆರಳಿನಷ್ಟು ಸಾಮಾನು ಹೋದ್ರ ಬಸ್ಸಿಗೆ ಭಾರ ಆಗತೈತೇನು? ಔಷಧಿ ಹೋಗತಾವ, ಕೀಲಿ ಕೈ ಹೋಗತಾವ, ಇದೇನು ದೊಡ್ಡದು."

ಹೀಗೆ ನಡೆಯುತ್ತಿರಲಾಗಿ, ಒಂದು ದಿನ ಹೊನ್ನೇಶ ಸ್ಟ್ಯಾಂಡಿನಲ್ಲಿ ಯಾರಿಗೋ ತನ್ನ ಪಾಂಡಿತ್ಯ ಹೇಳುತ್ತ ನಿಂತು ಬಸ್ಸನ್ನು ನೋಡಲೇ ಇಲ್ಲ. ಗಂಟು ಬಸ್ಸಿನ ಕೊನೆಯ ಊರಾದ ಬೆಳ್ಳಟ್ಟಿ ನೋಡಿಕೊಂಡು ಮರುದಿನ ತಿರುಗಿ ಬಂತು, ಒಳಗಿನ ಪೆನ್ ಡ್ರೈವ್ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಅಷ್ಟರಲ್ಲಿ ಅವನು ತನ್ನ ಬಳಿ ಇದ್ದ ಹಳೆಯದನ್ನೇ ತಿದ್ದಿ ಇನ್ನೊಂದು ಪೆನ್ ಡ್ರೈವಿನಲ್ಲಿ ಕಳಿಸಿದ್ದ. ಮಾಸ್ತರರು ಅದನ್ನು ಹೊಸದೆಂದು ತಿಳಿದು ತಮ್ಮದರ ಮೇಲೆ ಹಾಕಿದರು. ವಾರವೆಲ್ಲ ಕೂತು ಬರೆದದ್ದು ಒಂದು ಗುಂಡಿ ಒತ್ತುವುದರೊಳಗೆ ಮಾಯವಾಯಿತು. ಆಗ ಅವರ ಕಂಪ್ಯೂಟರಿನಲ್ಲಿ ಉಳಿದಿದ್ದ ಕಡತಗಳ ಹೆಸರು ಇವು: 'ರೊಟ್ಟಿ', 'ರೊಟ್ಟಿ ಹೊಸದು', 'ರೊಟ್ಟಿ ಖರೇನ ಹೊಸದು', 'ರೊಟ್ಟಿ ಹೊನ್ನೇಶ ಕೆಡಿಸಿದ್ದು', 'ರೊಟ್ಟಿ ಕಡೇದ್ದು', 'ರೊಟ್ಟಿ ಕಡೇದ್ದರ ನಂತರದ್ದು'. ಬೇಕಾದದ್ದು ಯಾವುದರಲ್ಲೂ ಇರಲಿಲ್ಲ.

ಮಾಸ್ತರರು ಕೆಂಡವಾದರು. "ಇನ್ನ ಮ್ಯಾಲ ಈ ಬಸ್ಸಿನ ಕಾರಭಾರ ಬಂದ್. ಎಲ್ಲಾ ಗಿಟ್‌ಹಬ್‌ನಾಗ ಇಡೂದು" ಎಂದು ಅಪ್ಪಣೆ ಹೊರಡಿಸಿದರು.

ಅಂದು ಸಂಜೆ ಪಡಸಾಲೆಯಲ್ಲಿ ಅವರು ಮಾಡಿದ ಉಪನ್ಯಾಸವನ್ನು ಕಾಲೇಜಿನ ಹುಡುಗರು ಕೇಳಿದ್ದರೆ ನಿದ್ದೆ ಮಾಡುತ್ತಿರಲಿಲ್ಲ. ಕೇಳುಗರು ಮೂವರು: ನಾಗರತ್ನಾ, ಮಾಸ್ತರರ ತಾಯಿ ಅಮೃತವ್ವ, ಮತ್ತು ಎದುರು ಮನೆಯಿಂದ ರೊಟ್ಟಿ ಬಡಿಯಲು ಬರುವ ಗುಲಾಬಬಿ.

"ನೋಡ್ರಿ, ಪ್ರೋಗ್ರಾಂ ಇಂಟರ್ನೆಟ್‌ನಾಗ ಒಂದು ಕಡೆ ಇರತೈತಿ. ಯಾರು ತಿದ್ದಿದ್ರೂ ಅಲ್ಲೇ ತಿದ್ದಬೇಕು. ಹಳೇದು ಅಳಿಯೂದಿಲ್ಲ, ಹಂಗ ಕೆಳಗ ಕುಂತಿರತೈತಿ. ಯಾರು ತಿದ್ದಿದ್ರು, ಯಾವತ್ತು ತಿದ್ದಿದ್ರು, ಯಾಕ ತಿದ್ದಿದ್ರು, ಎಲ್ಲಾ ಹೆಸರು ಹಿಡಿದು ಬರದಿರತೈತಿ. ವರ್ಷ ಬಿಟ್ಟು ಕೇಳಿದ್ರೂ ಹೇಳತೈತಿ."

"ಅಂದ್ರ ನಮ್ಮ ಗುಲಾಬಬಿ ಇದ್ದಾಂಗ" ಎಂದರು ಅಮೃತವ್ವ, ಎಲೆಗೆ ಸುಣ್ಣ ಸವರುತ್ತ.

ಗುಲಾಬಬಿ ಬೇಜಾರು ಮಾಡಿಕೊಳ್ಳಲಿಲ್ಲ. ಅಮೃತವ್ವ ಯಾವ ಹಬ್ಬದಲ್ಲಿ ಯಾರಿಗೆ ಏನು ಅಂದಿದ್ದರು ಎಂಬುದನ್ನು ಒಂದೆರಡು ಉದಾಹರಣೆ ಕೊಟ್ಟು ನೆನಪಿಸಿದಳು. ಅಮೃತವ್ವ ಎಲೆ ಬಾಯಿಗಿಟ್ಟುಕೊಂಡರು.

ಖಾತೆ ತೆರೆಯುವಾಗ ಹೆಸರು ಯಾರದು ಎಂಬ ಪ್ರಶ್ನೆ ಬಂತು. ಕೇಂದ್ರ ನನ್ನದು, ಮೊಬೈಲ್ ನನ್ನದು, ಹೆಸರೂ ನನ್ನದೇ ಇರಲಿ ಎಂದಳು ನಾಗರತ್ನಾ. ಮಾಸ್ತರರು ಔದಾರ್ಯದಿಂದ ಒಪ್ಪಿದರು. ಯಜಮಾನಿ ನಾಗರತ್ನಾ, ಬರೆಯುವ ಹಕ್ಕು ಮಾಸ್ತರರಿಗೆ ಮತ್ತು ಹೊನ್ನೇಶನಿಗೆ, ಹೊನ್ನೇಶ ತಿದ್ದಿದ್ದನ್ನು ಮಾಸ್ತರರು ನೋಡಿ ಒಪ್ಪಿದ ಮೇಲೆಯೇ ಸೇರಿಸುವುದು ಎಂದು ಠರಾವಾಯಿತು. ಈ ಕಡೆಯ ಕಲಮನ್ನು ಸೇರಿಸಿದಾಗ ಮಾಸ್ತರರ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ಕಂಡಿತು.

ನಗು ಬಹಳ ದಿನ ಬಾಳಲಿಲ್ಲ.

ಹೊನ್ನೇಶನ ಮೊದಲ ತಿದ್ದುಪಡಿ ಬಂತು. ಪ್ರತಿ ತಿದ್ದುಪಡಿಯ ಜೊತೆ ಏನು ಮಾಡಿದೆ ಎಂದು ಒಂದು ಸಾಲಿನ ಒಕ್ಕಣೆ ಬರೆಯಬೇಕಲ್ಲ, ಅವನು ಪೂರಾ ಪತ್ರವನ್ನೇ ಬರೆದಿದ್ದ. 'ಮಾಮಾ ಅವರಿಗೆ ಹೊನ್ನೇಶನ ನಮಸ್ಕಾರಗಳು. ಇತ್ತ ಕಡೆ ಎಲ್ಲ ಕ್ಷೇಮ. ನೀವೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತರುವಾಯ, ಪ್ರೋಗ್ರಾಂ ತೆರೆದ ಕೂಡಲೆ ಗಿರಾಕಿಯನ್ನು ಮಾತಾಡಿಸುವ ನಾಲ್ಕು ಸಾಲು ಸೇರಿಸಿದ್ದೇನೆ.' ಆ ಸಾಲುಗಳು: 'ಬರ್ರಿ. ಕುಂಡ್ರಿ. ನೀರು ಕುಡೀರಿ. ಆಮ್ಯಾಲ ಆರ್ಡರ್ ಹೇಳ್ರಿ.'

ಮಾಸ್ತರರಿಗೆ ಮೈ ಉರಿಯಿತು. ಗಿರಾಕಿಗಳು ಈ ಪ್ರೋಗ್ರಾಂ ನೋಡುವುದೇ ಇಲ್ಲ, ಯಾರನ್ನು ಕುಂಡ್ರು ಎನ್ನುವುದು? ನಾಲ್ಕೂ ಸಾಲು ತೆಗೆದು ಹಾಕಿದರು. ಈ ಗಿಟ್‌ಹಬ್‌ನಲ್ಲಿ ಒಂದು ಪದ್ಧತಿ ಇದೆ: ಸೇರಿಸಿದ ಸಾಲು ಹಸಿರು, ತೆಗೆದ ಸಾಲು ಕೆಂಪು. ಆ ಹೊತ್ತಿಗೆ ಸರಿಯಾಗಿ ಚಹಾ ತಂದ ನಾಗರತ್ನಾ ಪರದೆ ನೋಡಿದಳು. ತಮ್ಮನ ಹೆಸರು, ಅದರ ಕೆಳಗೆ ನಾಲ್ಕು ಸಾಲು ಪೂರಾ ಕೆಂಪು, ಪಕ್ಕದಲ್ಲಿ ಗಂಡನ ಹೆಸರು.

"ಇದೇನ್ರಿ, ನಮ್ಮ ತಮ್ಮ ಬರೆದದ್ದಕ್ಕ ಕೆಂಪು ಹೊಡದೀರಿ?"

"ಬ್ಯಾಡಾದದ್ದನ್ನ ತಗದೇನಿ, ಅಷ್ಟ."

"ಬರ್ರಿ ಕುಂಡ್ರಿ ಅನ್ನೂದು ಬ್ಯಾಡಾತೇನು ನಿಮಗ? ಹೋಗ್ರಿ ಅನಬೇಕಾಗಿತ್ತೇನು?"

"ನಾಗರತ್ನಾ, ಇದು ಪ್ರೋಗ್ರಾಮಿನ ವಿಷಯ. ಇದರಾಗ ಮನಿ ಮಾತು ತರಬ್ಯಾಡ."

"ನನ್ನ ತವರಿನಿಂದ ಬಂದ ಸೀರಿ ತಿರುಗಿ ಕಳಿಸ್ತೀರೇನು? ಬುತ್ತಿ ತಿರುಗಿ ಕಳಿಸ್ತೀರೇನು? ಹಂಗಾದ್ರ ಅವ ಪ್ರೀತಿಯಿಂದ ಬರದು ಕಳಿಸಿದ್ದನ್ನ ಹೆಂಗ ತಿರುಗಿ ಕಳಿಸ್ತೀರಿ? ಅದೂ ಕೆಂಪು ಗೆರಿ ಹೊಡದು, ಊರಿಗೆಲ್ಲಾ ಕಾಣೂ ಹಂಗ."

ಚಹಾದ ಲೋಟವನ್ನು ತಂದಂತೆಯೇ ತಿರುಗಿ ತೆಗೆದುಕೊಂಡು ಹೋದಳು. ಅಂದು ಎಣ್ಣೆಗಾಯಿ ಇರಲಿಲ್ಲ, ಮರುದಿನವೂ ಇರಲಿಲ್ಲ. ಮೂರನೆಯ ದಿನ ಮಾಸ್ತರರು ಆ ನಾಲ್ಕು ಸಾಲುಗಳನ್ನು ಒಪ್ಪಿಕೊಂಡರು. ಈಗ ಪ್ರೋಗ್ರಾಂ ತೆರೆದರೆ ಮೊದಲು ನೀರು ಕುಡೀರಿ ಎನ್ನುತ್ತದೆ.

ಅಂದಿನಿಂದ ಮಾಸ್ತರರು ತಮ್ಮದೇ ಒಂದು ಉಪಾಯ ಹೂಡಿದರು. ತವರಿನಿಂದ ಬಂದದ್ದನ್ನು ತಿರಸ್ಕರಿಸುವ ಹಾಗಿಲ್ಲವಲ್ಲ, ಬಂದದ್ದನ್ನೆಲ್ಲ ನಗುನಗುತ್ತ ಒಪ್ಪುವುದು, ಆಮೇಲೆ ಯಾರೂ ಇಲ್ಲದಾಗ ಒಳಗೆ ಕೂತು ತಮಗೆ ಬೇಕಾದಂತೆ ತಿದ್ದುವುದು. ಒಪ್ಪಿದಂತೆಯೂ ಆಯಿತು, ತಿದ್ದಿದಂತೆಯೂ ಆಯಿತು. ತಿದ್ದಿದಾಗಲೆಲ್ಲ ಒಂದು ಸಾಲಿನ ಒಕ್ಕಣೆ ಬರೆಯಲೇಬೇಕಿತ್ತು. ಅಲ್ಲಿ ಅವರು ಮನಸ್ಸಿನಲ್ಲಿದ್ದದ್ದನ್ನು ಬರೆದು ಹಗುರಾಗುತ್ತಿದ್ದರು. ಮನೆಯಲ್ಲಿ ಬಾಯಿ ತೆರೆಯಲು ಆಗದ ಮನುಷ್ಯ ಎಲ್ಲಾದರೂ ಒಂದು ಕಡೆ ಹೇಳಿಕೊಳ್ಳಬೇಕಲ್ಲ.

ಆಗ ಬಂತು ಕೊಸರಿನ ವಿಷಯ.

ನಾಗರತ್ನಾ ಕೊಸರು ಹಾಕದೆ ರೊಟ್ಟಿ ಕೊಟ್ಟವಳಲ್ಲ. ಡಜನ್ನಿಗೆ ಒಂದು ರೊಟ್ಟಿ ಮೇಲೆ ಇಟ್ಟೇ ಕಟ್ಟುತ್ತಾಳೆ. "ಕೊಸರು ಇಲ್ಲದ ಯಾಪಾರ ಎಂಥಾ ಯಾಪಾರ? ಪ್ರೋಗ್ರಾಮಿನಾಗ ಅದನ್ನೂ ಹಾಕ್ರಿ" ಎಂದಳು. ಮಾಸ್ತರರು ನೋಡೋಣ ಎಂದರು. ಹೊನ್ನೇಶ ಅಂದೇ ಹಾಕಿ ಕಳಿಸಿದ. 'ಮಾಮಾ ಅವರಿಗೆ ನಮಸ್ಕಾರಗಳು. ಇತ್ತ ಕಡೆ ಎಲ್ಲ ಕ್ಷೇಮ. ತರುವಾಯ, ಆರ್ಡರ್ ಬರೆದುಕೊಳ್ಳುವಾಗ ಕೊಸರು ಸೇರುವಂತೆ ಮಾಡಿದ್ದೇನೆ. ಕೊಸರು ಒಂದೇ ಸಲ.' ಮಾಸ್ತರರು ಒಪ್ಪಿದರು, ಹೆಂಡತಿಯನ್ನು ಕರೆದು ಹಸಿರು ಬಣ್ಣ ತೋರಿಸಿದರು, ಎಣ್ಣೆಗಾಯಿ ತಿಂದರು. ಮಧ್ಯಾಹ್ನ ಅವಳು ಕುಕ್ಕರ್ ರಿಪೇರಿಗೆಂದು ಪೇಟೆಗೆ ಹೋದಾಗ ಒಳಗೆ ಕೂತು ಆ ಸಾಲನ್ನು ಅಲ್ಲಿಂದ ಕಿತ್ತು ತಮಗೆ ಒಪ್ಪವಾಗಿ ಕಂಡ ಇನ್ನೊಂದು ಕಡೆ ಇಟ್ಟರು, ಒಕ್ಕಣೆ ಬರೆದರು, ಮರೆತರು.

ಆ ವಾರವೇ ಮುಂಡರಗಿಯಿಂದ ದೊಡ್ಡ ಆರ್ಡರ್ ಬಂತು. ಸಕ್ರಪ್ಪನೆಂಬ ದೊಡ್ಡ ಜೋಳದ ವ್ಯಾಪಾರಿಯ ಮನೆಯ ಮದುವೆ. ಅಂಥ ಮನೆಯ ಆರ್ಡರ್ ಈ ಕೇಂದ್ರಕ್ಕೆ ಬಂದದ್ದು ಅದೇ ಮೊದಲು. ಇದೊಂದು ಚಂದ ಆದರೆ ಮುಂಡರಗಿಯ ಮದುವೆಗಳೆಲ್ಲ ತನ್ನ ಕೇಂದ್ರಕ್ಕೇ ಬರುತ್ತವೆ, ಕೆಟ್ಟರೆ ಆ ಕಡೆಯ ಬಾಗಿಲು ಮುಚ್ಚಿದಂತೆ ಎಂದು ನಾಗರತ್ನಾ ಮನೆಯವರಿಗೆಲ್ಲ ತಾಕೀತು ಮಾಡಿದಳು. ಆರ್ಡರನ್ನು ಪ್ರೋಗ್ರಾಮಿಗೆ ಹಾಕಿದಳು. ಹಿಟ್ಟು ಬೀಸಿಸಿ ತಂದಳು. ಬಡಿಯುವುದು ಶುರುವಾಯಿತು.

ಎರಡು ದಿನ ಬಿಟ್ಟು ಗುಲಾಬಬಿ ಹಿಟ್ಟು ನಾದುವ ಕೊಣಮಿಗೆಯಿಂದ ತಲೆ ಎತ್ತಿ, "ಅಕ್ಕಾರ, ಮೊದಲ ದಿನ ನೀವು ಹೇಳಿದ್ದು ಇಷ್ಟಿರಲಿಲ್ಲರಿ. ನನಗ ಚಲೋ ನೆನಪೈತಿ" ಎಂದಳು.

ನಾಗರತ್ನಾಳಿಗೂ ಸಂಶಯ. ಗಂಡನನ್ನು ಕರೆದಳು. ಮಾಸ್ತರರು ಬಂದು ಆರ್ಡರ್ ತೆರೆದರು. ಸಂಖ್ಯೆ ಅವಳು ಬೆಳಿಗ್ಗೆ ನೋಡಿದ್ದಕ್ಕಿಂತ ಹೆಚ್ಚಿತ್ತು.

"ಮದುವಿ ಮನಿಯವರು ಹೆಚ್ಚು ಮಾಡಿಸಿರಬೇಕು. ಲಕ್ಷ್ಮೇಶ್ವರಕ್ಕ ಫೋನ್ ಹಚ್ಚಿರತಾರ, ನಿನ್ನ ತಮ್ಮ ಹೆಚ್ಚು ಮಾಡಿರತಾನ" ಎಂದರು. ಕೇಂದ್ರದ ಚೀಟಿಯಲ್ಲಿ ಹೊನ್ನೇಶನ ನಂಬರೂ ಇತ್ತು. ಹಾಗೆ ಅವನಿಗೆ ಫೋನ್ ಬರುವುದು ಹೊಸದೇನಲ್ಲ. ಆರ್ಡರ್‌ಗಳೂ ಇಂಟರ್ನೆಟ್ಟಿನಲ್ಲೇ ಇದ್ದುದರಿಂದ ಅವನು ಅಲ್ಲಿಂದಲೇ ತಿದ್ದಬಹುದಿತ್ತು.

"ಕೇಳಿ ನೋಡ್ಲೇನು ಅವನ?"

"ಏನ್ ಕೇಳೂದು ಅದರಾಗ? ಕಂಪ್ಯೂಟರ್ ತನ್ನಷ್ಟಕ್ಕ ತಾನ ರೊಟ್ಟಿ ಹೆಚ್ಚು ಮಾಡತೈತೇನು? ಬೇಕಾದ್ರ ಇನ್ನೊಮ್ಮೆ ತೆಗದು ತೋರಿಸ್ತೀನಿ." ಇನ್ನೊಮ್ಮೆ ತೆರೆದರು. ಅಂಕಿ ಇನ್ನಷ್ಟು ಏರಿತ್ತು. "ನೋಡು, ಈಗೂ ಹೆಚ್ಚು ಮಾಡಾಕತ್ತಾನ. ಇವತ್ತ ಬಿಡುವಿಲ್ಲ ಅವನಿಗೆ" ಎಂದು ನಕ್ಕರು.

ಆಮೇಲೆ ಮಾಸ್ತರರು ಕಾಲೇಜಿಗೆ ಹೋಗುವಾಗ ಒಮ್ಮೆ ನೋಡಿದರು, ಬಂದು ಒಮ್ಮೆ ನೋಡಿದರು. ಸಹೋದ್ಯೋಗಿಗಳಿಗೆ ತಮ್ಮ ಕೆಲಸ ತೋರಿಸಲೆಂದು ಅಲ್ಲಿಯೂ ತೆರೆದು ತೋರಿಸಿದರು. ನಾಗರತ್ನಾಳೂ ದಿನಾ ನೋಡಿದಳು. ಹಿಟ್ಟು ಮುಗಿಯಿತು, ಮತ್ತೆ ಬೀಸಿಸಿದರು. ಓಣಿಯಲ್ಲಿ ಕೈ ಖಾಲಿ ಇದ್ದ ಹೆಣ್ಣುಮಕ್ಕಳನ್ನೆಲ್ಲ ಕರೆದು ಕೂಡಿಸಿದರು. ರೊಟ್ಟಿಯ ರಾಶಿ ಪಡಸಾಲೆ ತುಂಬಿ ದೇವರ ಕೋಣೆಗೆ ಹೋಯಿತು, ಅಲ್ಲಿಂದ ಅಮೃತವ್ವನ ಮಂಚದ ಮೇಲೆ ಹತ್ತಿತು. "ಈ ಮದುವಿಗೆ ಮುಂಡರಗಿ ಅಷ್ಟ ಬರತೈತೋ, ಹೊಳಿ ಆಚೀ ಜಿಲ್ಲಾನೂ ಬರತೈತೋ" ಎನ್ನುತ್ತ ಅಮೃತವ್ವ ಕುರ್ಚಿಯಲ್ಲಿ ಕೂತು ನಿದ್ದೆ ಮಾಡಿದರು.

ಮದುವೆಯ ಹಿಂದಿನ ದಿನ ಟೆಂಪೊ ತುಂಬಿ ಹೋಯಿತು. ಮಧ್ಯಾಹ್ನಕ್ಕೆ ಸಕ್ರಪ್ಪನವರ ಫೋನು ಬಂತು.

"ತಂಗೆವ್ವಾ, ನಾವೇನರ ನಿಮಗ ತಪ್ಪು ಮಾಡೇವೇನು?"

"ಯಾಕ್ರಿ ಯಪ್ಪಾ, ರೊಟ್ಟಿ ಚಲೋ ಆಗಿಲ್ಲೇನು?"

"ರೊಟ್ಟಿ ಭಾಳ ಚಲೋ ಆಗ್ಯಾವ. ಆದ್ರ ಇಷ್ಟು ಯಾಕ ಕಳಿಸೀರಿ? ಬೀಗರು ಮಲಗೂ ಖೋಲಿ ತುಂಬ್ಯಾವ, ಅಡಗಿ ಮನಿ ತುಂಬೈತಿ, ಮದುಮಗಳು ಅರಿಷಿಣ ಹಚ್ಚಿಕೊಳ್ಳಾಕ ಕುಂಡ್ರಬೇಕಂದ್ರ ಜಾಗಾ ಇಲ್ಲ. ನಾವು ಹೇಳಿದಷ್ಟು ಇಟ್ಕೊಂಡು ಉಳದದ್ದು ನಿಮ್ಮ ಟೆಂಪೊದಾಗ ತಿರುಗಿ ಕಳಿಸೇನಿ. ಸಿಟ್ಟಾಗಬ್ಯಾಡ್ರಿ."

ನಾಗರತ್ನಾ ಫೋನ್ ಇಟ್ಟು ಗಂಡನ ಕಡೆ ನೋಡಿದಳು. ಆ ನೋಟಕ್ಕೆ ಮಾಸ್ತರರಿಗೆ ಭಯವಾಯಿತು. ಆದರೆ ಭಯದ ಹಿಂದೆಯೇ ಅವರಿಗೊಂದು ಆನಂದವೂ ಹುಟ್ಟಿತು. ಕೊಸರು! ಇದು ಕೊಸರಿನ ಕರಾಮತ್ತು. ಕೊಸರನ್ನು ಪ್ರೋಗ್ರಾಮಿಗೆ ಹಾಕಿದವನು ಯಾರು? ಲಕ್ಷ್ಮೇಶ್ವರದ ಪಂಡಿತ. ಇಷ್ಟು ವರ್ಷ ಕಾದದ್ದು ಇಂಥ ಒಂದು ದಿನಕ್ಕೆ.

"ನಿನ್ನ ತಮ್ಮನ್ನ ಕರಸು" ಎಂದರು.

ಸಂಜೆಯ ಬಸ್ಸಿಗೆ ಹೊನ್ನೇಶ ಬಂದ. ಅಷ್ಟರಲ್ಲಿ ಟೆಂಪೊ ತಿರುಗಿ ಬಂದು ಪಡಸಾಲೆ ಮತ್ತೆ ತುಂಬಿತ್ತು. ರೊಟ್ಟಿಯ ರಾಶಿಗಳ ನಡುವೆ ದಾರಿ ಮಾಡಿಕೊಂಡು ಎಲ್ಲರೂ ಕೂತರು. ಗುಲಾಬಬಿಯನ್ನು ಯಾರೂ ಕರೆದಿರಲಿಲ್ಲ, ಅವಳೂ ಕೂತಿದ್ದಳು. ಮಾಸ್ತರರು ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ಮಣೆಯ ಮೇಲಿಟ್ಟು ಗಂಟಲು ಸರಿಪಡಿಸಿಕೊಂಡರು.

"ನಾನು ಯಾರ ಮ್ಯಾಲೂ ಸುಳ್ಳ ಅಪವಾದ ಹೊರಸಾವ ಅಲ್ಲ. ಆವತ್ತ ಹೇಳಿದ್ನಿ, ಇದರಾಗ ಒಂದೊಂದು ಸಾಲಿನ ಮುಂದೂ ಬರದಾವರ ಹೆಸರು ಇರತೈತಿ ಅಂತ. ಮನುಷ್ಯಾ ಸುಳ್ಳ ಹೇಳಬಹುದು, ಇದು ಹೇಳೂದಿಲ್ಲ. ಯಾರ ಸಾಲಿನಿಂದ ತಪ್ಪಾಗೇತೋ ಇಲ್ಲೇ ತಿಳೀತೈತಿ. ಏನ್ ಹೊನ್ನೇಶ, ಒಪ್ಪಿಗಿ ಐತಿಲ್ಲ?"

"ಒಪ್ಪಿಗಿ ಐತಿ ಮಾಮಾ" ಎಂದ ಹೊನ್ನೇಶ, ಪಕ್ಕದ ರಾಶಿಯಿಂದ ಒಂದು ರೊಟ್ಟಿ ಮುರಿದುಕೊಳ್ಳುತ್ತ.

"ಹಂಗಾದ್ರ ಶಿಕ್ಷಾನೂ ಈಗ ಹೇಳಿಬಿಡೂಣು, ಆಮ್ಯಾಲ ತವರು-ಗಿವರು ಅಂತ ಮಾತು ಬರಬಾರದು. ಯಾರ ಹೆಸರು ಬರತೈತೋ ಅವರ ಈ ರೊಟ್ಟಿ ತಿಂದು ಮುಗಸಬೇಕು. ಮುಗಿಯೂ ತನಕಾ ಬ್ಯಾರೆ ಊಟ ಇಲ್ಲ."

"ಯಾರರ ಆಗಲಿ?" ಕೇಳಿದಳು ನಾಗರತ್ನಾ.

"ಯಾರರ ಆಗಲಿ. ಮನಿ ಯಜಮಾನಾ ಇರಲಿ, ಲಕ್ಷ್ಮೇಶ್ವರದಾಂವ ಇರಲಿ."

ಮಾಸ್ತರರು ಕೊಸರಿನ ಸಾಲು ಹುಡುಕಿದರು. ಸಿಕ್ಕಿತು. ಆ ಸಾಲು ಆರ್ಡರ್ ಬರೆದುಕೊಳ್ಳುವ ಜಾಗದಲ್ಲಿ ಇರಲಿಲ್ಲ. ಆರ್ಡರ್ ತೆರೆದು ನೋಡುವ ಜಾಗದಲ್ಲಿತ್ತು. ಅಂದರೆ ಯಾರು ಎಷ್ಟು ಸಲ ತೆರೆದು ನೋಡಿದರೋ ಅಷ್ಟು ಸಲ ಕೊಸರು ಕೂಡುತ್ತಿತ್ತು, ಕೊಸರಿನ ಮೇಲೂ ಕೊಸರು ಕೂಡುತ್ತಿತ್ತು. "ನೋಡ್ರಿ ಎಂಥಾ ಅಡ್ನಾಡಿ ಕೆಲಸ" ಎನ್ನುತ್ತ ಮಾಸ್ತರರು ಬರೆದವರ ಹೆಸರು ತೋರಿಸುವ ಗುಂಡಿ ಒತ್ತಿದರು.

ಸಾಲಿನ ಮುಂದೆ ಒಂದು ಸಣ್ಣ ದುಂಡು ಫೋಟೊ ಮೂಡಿತು. ಸುಣ್ಣ ಬಳಿದಂತೆ ಬೆಳ್ಳಗಿದ್ದರೂ ಮೀಸೆ ಗುರುತು ಸಿಗುವಂತಿತ್ತು.

"ಇದು ನಮ್ಮ ಯಲ್ಲೇಶ ಅಲ್ಲೇನು?" ಎಂದರು ಅಮೃತವ್ವ.

ಮಾಸ್ತರರ ಕೈ ಲ್ಯಾಪ್‌ಟಾಪ್ ಮುಚ್ಚಲು ಹೋಯಿತು. ನಾಗರತ್ನಾಳ ಕೈ ಅದಕ್ಕಿಂತ ಮೊದಲು ಬಂದು ತಡೆಯಿತು. "ಅಲ್ಲೆ ಏನೋ ಬರದೈತಿ. ಯಾಕ ತಿದ್ದಿದ್ರು ಅನ್ನೂದೂ ಇರತೈತಿ ಅಂದಿದ್ರಲ್ಲ. ಹೊನ್ನೇಶ, ಓದು."

ಹೊನ್ನೇಶ ಬಾಯಲ್ಲಿದ್ದ ರೊಟ್ಟಿಯನ್ನು ನುಂಗಿ, ಅರ್ಜಿ ಓದುವವನಂತೆ ನಿಧಾನವಾಗಿ ಓದಿದ. 'ಹೊನ್ನೇಶ ಮಾಡಿದ ರಾಡಿ ತೊಳೆದೆ. ಕೊಸರು ಸಾಲನ್ನು ಸರಿಯಾದ ಜಾಗಕ್ಕೆ ಇಟ್ಟೆ. ಅವನಿಗೆ ಇದೆಲ್ಲ ತಿಳಿಯುವುದಿಲ್ಲ. ಅವನ ಅಕ್ಕನ ಮುಂದೆ ಹೇಳುವ ಹಾಗಿಲ್ಲ.'

ಗುಲಾಬಬಿ ತುಟಿ ಅಲುಗಿಸುತ್ತಿದ್ದಳು. ಆ ಸಾಲುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಾಳೆಂದು ಮಾಸ್ತರರಿಗೆ ಹೊಳೆಯಿತು.

"ಇಂಥವು ಇನ್ನೂ ಅದಾವೇನು?" ಎಂದಳು ನಾಗರತ್ನಾ.

"ಭಾಳ ಅದಾವ ಅಕ್ಕ" ಎಂದ ಹೊನ್ನೇಶ. "ನಾನು ಮೊದಲಿಂದ ಓದಕೋತ ಬಂದೇನಿ. ಮಾಮಾ ದೊಡ್ಡಾವರು, ಏನರ ಅನ್ಲಿ ಅಂತ ಸುಮ್ನಿದ್ನಿ."

"ಅಳಿಸಿಬಿಡೂಣು ಬಿಡ" ಎಂದರು ಮಾಸ್ತರರು, ತಮ್ಮ ದನಿ ತಮಗೇ ಕೇಳದಂತೆ.

"ಅಳಿಸಿದ್ರೂ ನನ್ನ ಕಂಪ್ಯೂಟರಿನಾಗ ಪೂರಾ ಒಂದು ಪ್ರತಿ ಐತಿ ಮಾಮಾ. ಅದ ಅಲ್ಲೇನು ಇದರ ಚಂದ? ಏನೂ ಕಳಿಯೂದಿಲ್ಲ ಅಂತ ನೀವ ಹೇಳಿದ್ರಿ."

ಅಲ್ಲಿಗೆ ವಿಚಾರಣೆ ಮುಗಿಯಿತು. ಖಾತೆಯ ಯಜಮಾನಿ ತನ್ನ ಅಧಿಕಾರವನ್ನು ಮೊದಲ ಸಲ ಚಲಾಯಿಸಿದಳು. ಒಪ್ಪುವ ಅಧಿಕಾರ ಹೊನ್ನೇಶನಿಗೆ ಹೋಯಿತು. ಮಾಸ್ತರರಿಗೆ ಪ್ರೋಗ್ರಾಂ ನೋಡುವ ಹಕ್ಕು ಮಾತ್ರ ಉಳಿಯಿತು, ಏನಾದರೂ ತಿದ್ದಬೇಕಾದರೆ ಲಕ್ಷ್ಮೇಶ್ವರಕ್ಕೆ ವಿನಂತಿ ಕಳಿಸಬೇಕು. ಮರುದಿನ ಕೊಸರಿನ ಸಾಲನ್ನು ಸ್ವಸ್ಥಾನಕ್ಕೆ ಇಡಲು ಅವರು ಕಳಿಸಿದ ವಿನಂತಿಯನ್ನು ಹೊನ್ನೇಶ ಕೂಡಲೆ ಒಪ್ಪಿದ. ಕೆಳಗೆ ಒಕ್ಕಣೆ ಬರೆದಿದ್ದ: 'ಮಾಮಾ ಅವರಿಗೆ ನಮಸ್ಕಾರಗಳು. ಇತ್ತ ಕಡೆ ಎಲ್ಲ ಕ್ಷೇಮ. ತರುವಾಯ, ಮಾಮಾ ಮಾಡಿದ ರಾಡಿಯನ್ನು ಮಾಮಾನೇ ತೊಳೆದರು. ಅಕ್ಕನ ಮುಂದೆ ಹೇಳಿದ್ದೇನೆ.'

ಸಕ್ರಪ್ಪನವರು ಸಿಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ. ಅಷ್ಟು ಧಾರಾಳ ಕೈಯವರು ಬೇರೆಲ್ಲೂ ಇಲ್ಲ ಎಂದು ಮುಂಡರಗಿ ತುಂಬ ಹೇಳಿದರಂತೆ. ಅಲ್ಲಿಂದ ಮತ್ತೆ ಎರಡು ಮದುವೆಗಳ ಆರ್ಡರ್ ಬಂದವು. ಇದು ಯಾರ ಪುಣ್ಯ ಎಂದು ಮಾಸ್ತರರು ಒಮ್ಮೆ ಬಾಯಿ ತೆರೆಯಲು ನೋಡಿದರು. ನಾಗರತ್ನಾ ಲ್ಯಾಪ್‌ಟಾಪಿನ ಕಡೆ ನೋಡಿದಳು. ಅವರು ಬಾಯಿ ಮುಚ್ಚಿದರು.

ಖಡಕ್ ರೊಟ್ಟಿಯ ಗುಣ ನಿಮಗೆ ಗೊತ್ತಿದೆ. ಅದು ಕೆಡುವುದಿಲ್ಲ. ಕೆಟ್ಟಿದ್ದರೆ ಮಾಸ್ತರರು ಎಂದೋ ಪಾರಾಗುತ್ತಿದ್ದರು. ಮನೆಯವರೆಲ್ಲ ಬಿಸಿ ರೊಟ್ಟಿ ಎಣ್ಣೆಗಾಯಿ ತಿನ್ನುವಾಗ ಅವರು ತಾವೇ ಹೇಳಿದ ತೀರ್ಪಿನಂತೆ ಮೂಲೆಯ ರಾಶಿಯಿಂದ ತೆಗೆದ ರೊಟ್ಟಿಯನ್ನು ಶೇಂಗಾ ಚಟ್ನಿಗೆ ಹಚ್ಚಿಕೊಂಡು ಕಟಕಟನೆ ಕಡಿಯುತ್ತಾರೆ. ರಾಶಿ ಇಳಿದಂತೆ ಕಾಣುವುದೇ ಇಲ್ಲ. ನಿನ್ನೆ ಹೇಗೋ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ನೀರು ಕುಡಿದು, ಕೈ ತೊಳೆಯಲು ಏಳಬೇಕೆನ್ನುವಷ್ಟರಲ್ಲಿ ನಾಗರತ್ನಾ ಬಂದು ತಟ್ಟೆಗೆ ಇನ್ನೊಂದು ರೊಟ್ಟಿ ಇಟ್ಟಳು.

"ಸಾಕಲ್ಲ, ಮತ್ತ ಇದ್ಯಾಕ?" ಎಂದರು ಮಾಸ್ತರರು, ದವಡೆ ಹಿಡಿದುಕೊಂಡು.

"ಕೊಸರು" ಎಂದಳು ನಾಗರತ್ನಾ.